ಮಣ್ಣಿನಿಂದ ಕೆರೆ-ಹೊಳೆಗಳಿಗೆ ಲೋಹಾಂಶಗಳ ಹರಿವು: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಅರ್ಜಿದಾರರಿಗೆ ವಿವರಣೆ

ಪೀಠಿಕೆ

ಮಣ್ಣು ಪರೀಕ್ಷೆ ಹಾಗೂ ನೀರಿನ ಗುಣಮಟ್ಟ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ವರದಿ ಕೈಸೇರಿದ ನಂತರ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. "ತೋಟದ ಮಣ್ಣಿನಲ್ಲಿರುವ ತಾಮ್ರ, ಕಬ್ಬಿಣ ಮುಂತಾದ ಲೋಹಾಂಶಗಳು ಕೆರೆಯ ನೀರಿಗೆ ಸೇರುತ್ತವೆಯೇ? ಸೇರುವುದಾದರೆ ಎಷ್ಟು?" ಈ ಪ್ರಶ್ನೆಗೆ ಕೇವಲ ಒಂದು ಬಾಟಲಿ ನೀರಿನ ಪರೀಕ್ಷೆಯಿಂದ ಪೂರ್ಣ ಉತ್ತರ ದೊರೆಯುವುದಿಲ್ಲ. ಇದಕ್ಕಾಗಿ ವಿಜ್ಞಾನಿಗಳು ಗಣಿತ ಮಾದರಿ ಎಂಬ ಲೆಕ್ಕಾಚಾರದ ಕ್ರಮವನ್ನು ಅನುಸರಿಸುತ್ತಾರೆ. ಸದರಿ ಕ್ರಮವು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು, ಹಾಗೂ ಅರ್ಜಿದಾರರು ಒದಗಿಸುವ ಮಾಹಿತಿ ಅದರಲ್ಲಿ ಯಾವ ಪಾತ್ರ ವಹಿಸುತ್ತದೆ ಎಂಬುದನ್ನು ಸರಳವಾಗಿ ತಿಳಿಸುವುದು ಈ ಪುಟದ ಉದ್ದೇಶವಾಗಿದೆ.

ಪ್ರದೇಶದ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಅರೆಮಲೆನಾಡಿಗೆ ಸೇರಿವೆ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆಯ ಪ್ರಮಾಣ ಕಡಿಮೆಯಾಗುತ್ತದೆ. ಕುಮುದ್ವತಿ ನದಿಯು ಶಿಕಾರಿಪುರ ತಾಲ್ಲೂಕಿನ ಮೂಲಕ ಹರಿಯುತ್ತಿದ್ದು, ಅಂಜನಾಪುರ ಜಲಾಶಯವನ್ನು ಇದಕ್ಕೆ ಅಡ್ಡಲಾಗಿ ನಿರ್ಮಿಸಲಾಗಿದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಸೊರಬ ತಾಲ್ಲೂಕನ್ನು ಹಾದು ಬನವಾಸಿಯ ಕಡೆಗೆ ಸಾಗುತ್ತದೆ. ಸೊರಬದ ಬಳಿ ಹರಿಯುವ ದಂಡಾವತಿಯು ವರದಾ ನದಿಯ ಉಪನದಿ. ಕುಮುದ್ವತಿ ಮತ್ತು ವರದಾ ನದಿಗಳೆರಡೂ ಅಂತಿಮವಾಗಿ ತುಂಗಭದ್ರೆಯನ್ನು ಸೇರುತ್ತವೆ. ಆದ್ದರಿಂದ ಈ ಎರಡು ತಾಲ್ಲೂಕುಗಳ ಹೊಲ-ತೋಟಗಳಿಂದ ಹೊರಡುವ ನೀರಿನ ಗುಣಮಟ್ಟವು ಇಲ್ಲಿಯ ಗ್ರಾಮಗಳಿಗಷ್ಟೇ ಸೀಮಿತವಾದ ವಿಷಯವಲ್ಲ.

ಇದು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬರ ಕಾಕುತ್ಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯನ್ನು ದಾಖಲಿಸಿದ್ದು, ಕೆರೆ ನಿರ್ಮಾಣದ ಪರಂಪರೆ ಇಲ್ಲಿ ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯಾಗಿದೆ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಹರಿಯುವ ಸರಪಳಿ ವ್ಯವಸ್ಥೆ ಇಲ್ಲಿ ಇಂದಿಗೂ ಕಾಣಸಿಗುತ್ತದೆ. ಮೇಲಿನ ಜಲಾನಯನದ ಮಣ್ಣಿನಲ್ಲಿರುವ ಯಾವುದೇ ಅಂಶವು ಇದೇ ಸರಪಳಿಯ ಮೂಲಕ ಕೆಳಕ್ಕೆ ಸಾಗುತ್ತದೆ.

ಲೋಹಾಂಶಗಳು ಮಣ್ಣಿಗೆ ಬರುವ ಬಗೆ

ಮಣ್ಣಿನಲ್ಲಿ ಲೋಹವಿರುವುದು ಅಸಹಜವಲ್ಲ. ಈ ಭಾಗದ ಕೆಂಪು ಮಣ್ಣು ಹಾಗೂ ಜಂಬಿಟ್ಟಿಗೆ ಮಣ್ಣಿಗೆ ಬಣ್ಣ ನೀಡಿರುವುದೇ ಕಬ್ಬಿಣದ ಆಕ್ಸೈಡ್. ತಾಮ್ರ, ಸತು, ಮ್ಯಾಂಗನೀಸ್ ಮತ್ತು ಕಬ್ಬಿಣ ಬೆಳೆಗಳಿಗೆ ಅಲ್ಪ ಪ್ರಮಾಣದಲ್ಲಿ ಅವಶ್ಯವಾದ ಲಘು ಪೋಷಕಾಂಶಗಳೂ ಆಗಿವೆ. ಇವುಗಳ ಜೊತೆಗೆ ಮಾನವ ಚಟುವಟಿಕೆಯಿಂದ ಸೇರುವ ಮುಖ್ಯ ಮೂಲಗಳು ಈ ಕೆಳಗಿನಂತಿವೆ:

1. ಅಡಿಕೆಯ ಕೊಳೆರೋಗ ನಿಯಂತ್ರಣಕ್ಕಾಗಿ ಸಿಂಪಡಿಸುವ ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣವನ್ನು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೆರೆಸಿ ತಯಾರಿಸಲಾಗುತ್ತದೆ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರವಾಗಿರುತ್ತದೆ.
2. ಶುಂಠಿ ಮುಂತಾದ ಬೆಳೆಗಳ ರೋಗ ನಿಯಂತ್ರಣಕ್ಕೆ ಬಳಸುವ ಕಾಪರ್ ಆಕ್ಸಿಕ್ಲೋರೈಡ್.
3. ಸತುವಿನ ಸಲ್ಫೇಟ್ ಮುಂತಾದ ಲಘು ಪೋಷಕಾಂಶ ಗೊಬ್ಬರಗಳು ಹಾಗೂ ಕೋಳಿಗೊಬ್ಬರ.
4. ರಂಜಕಯುಕ್ತ ರಸಗೊಬ್ಬರಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಇರಬಹುದಾದ ಕ್ಯಾಡ್ಮಿಯಂ.

ಬೋರ್ಡೋ ದ್ರಾವಣದ ಗುಣವು 1885ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳ ಮೂಲಕ ಪ್ರಚಾರಕ್ಕೆ ಬಂದಿತು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, 1910ರಲ್ಲಿ ಪ್ರಕಟಿಸಿದ ವರದಿಯ ಮೂಲಕ ಈ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನ ಬೆಳೆಗಾರರಿಗೆ ಪರಿಚಯಿಸಿದರು. ಫಸಲು ಸಂಪೂರ್ಣ ನೆಲಕಚ್ಚುತ್ತಿದ್ದ ತೋಟಗಳನ್ನು ಈ ದ್ರಾವಣ ಉಳಿಸಿದೆ. ಇಂದಿಗೂ ಮುಂಗಾರು ಆರಂಭಕ್ಕೆ ಮುನ್ನ ಒಮ್ಮೆ ಹಾಗೂ 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸುವುದು ಶಿಫಾರಸಿನ ಕ್ರಮವಾಗಿದೆ. ಆದ್ದರಿಂದ ಈ ವಿವರಣೆಯನ್ನು ಸಿಂಪಡಣೆಯ ವಿರುದ್ಧದ ಸೂಚನೆಯೆಂದು ಭಾವಿಸತಕ್ಕದ್ದಲ್ಲ. ಆದರೆ ತಾಮ್ರವು ಇತರೆ ಹಲವು ಕೃಷಿ ರಾಸಾಯನಿಕಗಳಂತೆ ಕೊಳೆತು ನಾಶವಾಗುವ ವಸ್ತುವಲ್ಲ. ಅದು ಮೂಲಧಾತು. ತೋಟಕ್ಕೆ ಬಂದ ತಾಮ್ರ ಒಂದೋ ತೋಟದಲ್ಲಿಯೇ ಇರಬೇಕು, ಇಲ್ಲವೇ ಬೇರೆಡೆಗೆ ಹೋಗಿರಬೇಕು. ಗಣಿತ ಮಾದರಿಯ ಆಧಾರ ಈ ಒಂದು ಸತ್ಯವೇ ಆಗಿದೆ.

ಗಣಿತ ಮಾದರಿ ಎಂದರೇನು?

ಜಮಾ-ಖರ್ಚಿನ ಲೆಕ್ಕ ಇಡುವವರಿಗೆ ಮಾದರಿಯ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಮಣ್ಣಿನಲ್ಲಿ ಈಗಾಗಲೇ ಇರುವ ಲೋಹ ಆರಂಭ ಶಿಲ್ಕು. ವರ್ಷದಲ್ಲಿ ಸಿಂಪಡಣೆ ಹಾಗೂ ಗೊಬ್ಬರದಿಂದ ಸೇರಿದ್ದು ಜಮೆ. ನೀರಿನಲ್ಲಿ ಕರಗಿ ಹೋದದ್ದು, ಕೊಚ್ಚಿಹೋದ ಮಣ್ಣಿನೊಂದಿಗೆ ಹೋದದ್ದು ಹಾಗೂ ಬೆಳೆಯೊಂದಿಗೆ ಹೋದದ್ದು ಖರ್ಚು. ಉಳಿದದ್ದು ಅಂತಿಮ ಶಿಲ್ಕು. ಅದೇ ಮರುವರ್ಷದ ಆರಂಭ ಶಿಲ್ಕು.

ಕೇವಲ ತಿಳುವಳಿಕೆಗಾಗಿ ಒಂದು ಕಲ್ಪಿತ ತೋಟದ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಇದು ಯಾವುದೇ ನಿರ್ದಿಷ್ಟ ತೋಟದ ಅಳತೆಯಲ್ಲ.

ಜಮೆ: 1 ಎಕರೆ ಅಡಿಕೆ ತೋಟಕ್ಕೆ ಪ್ರತಿ ಬಾರಿ 500 ಲೀಟರಿನಂತೆ ವರ್ಷಕ್ಕೆ 2 ಬಾರಿ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಲಾಗಿದೆ ಎಂದಿಟ್ಟುಕೊಳ್ಳಬಹುದು. ಬಳಕೆಯಾದ ಮೈಲುತುತ್ತ 10 ಕಿಲೋ, ಅದರಲ್ಲಿನ ತಾಮ್ರ ಸುಮಾರು 2.5 ಕಿಲೋ. ಗೊನೆ ಮತ್ತು ಎಲೆಗಳ ಮೇಲೆ ಬಿದ್ದ ತಾಮ್ರವೂ ಮಳೆ ಹಾಗೂ ಸೋಗೆ ಬೀಳುವುದರ ಮೂಲಕ ಕ್ರಮೇಣ ನೆಲವನ್ನೇ ಸೇರುತ್ತದೆ.

ಆರಂಭ ಶಿಲ್ಕು: 1 ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 8 ಲಕ್ಷ ಕಿಲೋ. ಪ್ರತಿ ಕಿಲೋ ಮಣ್ಣಿನಲ್ಲಿ 60 ಮಿಲಿಗ್ರಾಂ ತಾಮ್ರವಿದ್ದರೆ ಒಟ್ಟು 48 ಕಿಲೋ ತಾಮ್ರ ಈಗಾಗಲೇ ಸಂಗ್ರಹವಾಗಿದೆ ಎಂದಾಯಿತು.

ಖರ್ಚನ್ನು ಕಂಡುಹಿಡಿಯುವುದು ಇಷ್ಟು ಸುಲಭವಲ್ಲ. ಅದಕ್ಕೆ ಮಣ್ಣು ಮತ್ತು ನೀರಿನ ನಡುವೆ ಲೋಹ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಮಣ್ಣಿನ ಹಿಡಿತ ಮತ್ತು ನೀರಿನ ಸೆಳೆತ

ಜೇಡಿ ಕಣಗಳು, ಕಬ್ಬಿಣ ಹಾಗೂ ಅಲ್ಯೂಮಿನಿಯಂ ಆಕ್ಸೈಡ್‌ಗಳು ಮತ್ತು ಕೊಳೆತ ಸೊಪ್ಪಿನ ಸಾವಯವ ಅಂಶಗಳು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದರ ಅತ್ಯಲ್ಪ ಭಾಗ ಮಾತ್ರ ಮಣ್ಣಿನ ತೇವದಲ್ಲಿ ಕರಗಿರುತ್ತದೆ. ಮಣ್ಣಿಗೆ ಅಂಟಿರುವ ಹಾಗೂ ನೀರಿನಲ್ಲಿ ಕರಗಿರುವ ಲೋಹದ ನಡುವಿನ ಅನುಪಾತವನ್ನು ಹಂಚಿಕೆ ಗುಣಾಂಕ ಎಂದು ಕರೆಯಲಾಗುತ್ತದೆ. ಗುಣಾಂಕ ಹೆಚ್ಚಿದ್ದಷ್ಟೂ ಮಣ್ಣಿನ ಹಿಡಿತ ಬಿಗಿಯಾಗಿದೆ ಎಂದರ್ಥ.

ಮೇಲಿನ ಉದಾಹರಣೆಯಲ್ಲಿ ಗುಣಾಂಕ 600 ಎಂದಿದ್ದರೆ, ಮಣ್ಣಿನ ನೀರಿನಲ್ಲಿ ಕರಗಿರುವ ತಾಮ್ರ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ. ಗುಣಾಂಕ 3000 ಎಂದಿದ್ದರೆ ಅದೇ ಮಣ್ಣಿನ, ಅದೇ ತಾಮ್ರದ ಪ್ರಮಾಣಕ್ಕೆ ಕೇವಲ 0.02 ಮಿಲಿಗ್ರಾಂ ಆಗುತ್ತದೆ. ಅಂದರೆ ಮಣ್ಣಿನಲ್ಲಿ ಎಷ್ಟು ಲೋಹವಿದೆ ಎಂಬುದಕ್ಕಿಂತ ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಕೆಲವೊಮ್ಮೆ ಹೆಚ್ಚು ಮುಖ್ಯವಾಗುತ್ತದೆ. ಈ ಹಿಡಿತವನ್ನು ನಿರ್ಧರಿಸುವ ಅಂಶಗಳು:

1. ರಸಸಾರ: ಮಣ್ಣು ಹುಳಿಯಾದಷ್ಟೂ ಲೋಹಗಳು ಕರಗುತ್ತವೆ. ರಸಸಾರದ ಸಂಖ್ಯೆ 1ರಷ್ಟು ಇಳಿದರೆ ಆಮ್ಲತೆ 10 ಪಟ್ಟು ಹೆಚ್ಚುತ್ತದೆ. ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಸುಣ್ಣದ ಅಂಶ ಮಳೆನೀರಿನೊಂದಿಗೆ ಬಸಿದುಹೋಗಿ ಮಣ್ಣು ಸ್ವಾಭಾವಿಕವಾಗಿಯೇ ಹುಳಿಯಾಗಿರುತ್ತದೆ. ಅಮೋನಿಯಾಯುಕ್ತ ಗೊಬ್ಬರಗಳ ನಿರಂತರ ಬಳಕೆ ಈ ಹುಳಿಯನ್ನು ಹೆಚ್ಚಿಸುತ್ತದೆ.

2. ಸಾವಯವ ಅಂಶ: ಸೊಪ್ಪು, ದರಗು ಮತ್ತು ಕೊಟ್ಟಿಗೆ ಗೊಬ್ಬರದಿಂದ ಬಂದ ಸಾವಯವ ಅಂಶವು ತಾಮ್ರವನ್ನು ಬಲವಾಗಿ ಬಂಧಿಸುತ್ತದೆ. ಆದರೆ ಅದರ ಒಂದು ಭಾಗ ನೀರಿನಲ್ಲಿ ಕರಗಿ ಕಂದು ಬಣ್ಣದ ದ್ರಾವಣವಾದಾಗ ತಾಮ್ರವನ್ನೂ ತನ್ನೊಂದಿಗೆ ಒಯ್ಯಬಲ್ಲುದು. ಹೀಗೆ ಬಂಧಿತವಾಗಿ ಬಂದ ತಾಮ್ರ ಜಲಚರಗಳಿಗೆ ಬಿಡಿಯಾದ ತಾಮ್ರದಷ್ಟು ಅಪಾಯಕಾರಿಯಲ್ಲ.

3. ಗಾಳಿಯಾಟ: ನೀರು ನಿಂತ ಗದ್ದೆಯಲ್ಲಿ ಮಣ್ಣಿನ ಆಮ್ಲಜನಕ ಮುಗಿದಾಗ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗುವ ರೂಪ ತಾಳುತ್ತವೆ. ಈ ನೀರು ಬಸಿಗಾಲುವೆಗೆ ಬಂದು ಗಾಳಿಯ ಸಂಪರ್ಕ ಪಡೆದೊಡನೆ ಕಬ್ಬಿಣವು ಕೆಂಪು ಕೆಸರಾಗಿ ಕುಳಿತುಕೊಳ್ಳುತ್ತದೆ. ಮ್ಯಾಂಗನೀಸ್ ಮಾತ್ರ ನಿಧಾನವಾಗಿ ಕುಳಿತುಕೊಳ್ಳುವುದರಿಂದ ಹೆಚ್ಚು ದೂರ ಸಾಗುತ್ತದೆ.

ಈ ಮೂರು ಅಂಶಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಗಣಕ ತಂತ್ರಾಂಶಗಳು ಲಭ್ಯವಿವೆ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ರೂಪಿಸಿದ ಫ್ರೀಕ್ ಹಾಗೂ ಬ್ರಿಟನ್ನಿನ ವಿಜ್ಞಾನಿ ಎಡ್ವರ್ಡ್ ಟಿಪ್ಪಿಂಗ್ ಅವರ ವ್ಯಾಮ್ ಇವುಗಳಲ್ಲಿ ಪ್ರಮುಖವಾದವು. ಎರಡನೆಯದು ಲೋಹ ಮತ್ತು ಸಾವಯವ ಅಂಶಗಳ ನಡುವಿನ ಬಂಧವನ್ನು ವಿಶೇಷವಾಗಿ ಗಣಿಸುತ್ತದೆ.

ಕೆರೆಯವರೆಗಿನ ಎರಡು ದಾರಿಗಳು

ಲೋಹವು ತೋಟದಿಂದ ಕೆರೆಗೆ ಎರಡು ರೂಪಗಳಲ್ಲಿ ಹೋಗುತ್ತದೆ. ಮೊದಲನೆಯದು ನೀರಿನಲ್ಲಿ ಕರಗಿದ ರೂಪ. ಎರಡನೆಯದು ಕೊಚ್ಚಿಹೋಗುವ ಮಣ್ಣಿನ ಕಣಗಳಿಗೆ ಅಂಟಿಕೊಂಡ ರೂಪ.

ಉದಾಹರಣೆಯನ್ನು ಮುಂದುವರಿಸಿದರೆ, ವರ್ಷಕ್ಕೆ 1000 ಮಿಲಿಮೀಟರ್ ಮಳೆಯಾದಲ್ಲಿ 1 ಎಕರೆಯ ಮೇಲೆ ಸುಮಾರು 40 ಲಕ್ಷ ಲೀಟರ್ ನೀರು ಬೀಳುತ್ತದೆ. ಇದರಲ್ಲಿ ಐದನೆಯ ಒಂದು ಭಾಗ, ಅಂದರೆ 8 ಲಕ್ಷ ಲೀಟರ್, ಮೇಲ್ಮೈಯಲ್ಲಿ ಹರಿದುಹೋದರೆ ಹಾಗೂ ಅದರಲ್ಲಿ ಲೀಟರಿಗೆ 0.1 ಮಿಲಿಗ್ರಾಂ ತಾಮ್ರವಿದ್ದರೆ, ಕರಗಿದ ರೂಪದ ಖರ್ಚು 80 ಗ್ರಾಂ. ಅದೇ ವರ್ಷ 2 ಟನ್ ಮಣ್ಣು ಕೊಚ್ಚಿಹೋದರೆ ಅದರೊಂದಿಗೆ ಹೋಗುವ ತಾಮ್ರ 120 ಗ್ರಾಂ. ಒಟ್ಟು ಖರ್ಚು 200 ಗ್ರಾಂ. ಇಂಗುವ ನೀರು ಸಹ ತಾಮ್ರವನ್ನು ಕೆಳಕ್ಕೆ ಒಯ್ಯುತ್ತದೆಯಾದರೂ ಅದರ ಬಹುಭಾಗವನ್ನು ಕೆಳಪದರದ ಮಣ್ಣು ಹಿಡಿದುಕೊಳ್ಳುತ್ತದೆ. ಬೆಳೆಯೊಂದಿಗೆ ಹೋಗುವ ಪ್ರಮಾಣ ಅತ್ಯಲ್ಪವಾದ್ದರಿಂದ ಇಲ್ಲಿ ಬಿಡಲಾಗಿದೆ.

ಈಗ ವರ್ಷದ ಲೆಕ್ಕ ಹೀಗಿದೆ: ಆರಂಭ ಶಿಲ್ಕು 48 ಕಿಲೋ, ಜಮೆ 2.5 ಕಿಲೋ, ಖರ್ಚು 0.2 ಕಿಲೋ, ಅಂತಿಮ ಶಿಲ್ಕು 50.3 ಕಿಲೋ. ಇದರಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ.

ಮೊದಲನೆಯದಾಗಿ, ಸಿಂಪಡಿಸಿದ ತಾಮ್ರದ ಬಹುಪಾಲು ಕೆರೆಗೆ ಹೋಗದೆ ತೋಟದ ಮಣ್ಣಿನಲ್ಲಿಯೇ ಉಳಿಯುತ್ತದೆ. ಮಣ್ಣು ಕೆರೆಯನ್ನು ಕಾಯುತ್ತಿದೆ. ಆದರೆ ಆ ಹೊರೆಯನ್ನು ತಾನು ಹೊರುತ್ತಿದೆ. ತಾಮ್ರ ಅತಿಯಾದ ಮಣ್ಣಿನಲ್ಲಿ ಎರೆಹುಳು ಹಾಗೂ ಸೂಕ್ಷ್ಮಜೀವಿಗಳು ಕ್ಷೀಣಿಸುತ್ತವೆ.

ಎರಡನೆಯದಾಗಿ, ಜಮೆ ಸಂಪೂರ್ಣ ನಿಂತರೂ ಖರ್ಚು ತಕ್ಷಣ ನಿಲ್ಲುವುದಿಲ್ಲ. ವರ್ಷಕ್ಕೆ 200 ಗ್ರಾಂನಂತೆ 48 ಕಿಲೋ ಹೊರಹೋಗಲು 240 ವರ್ಷಗಳು ಬೇಕು. ಇಂದಿನ ಬಳಕೆ ಮುಂದಿನ ಹಲವು ತಲೆಮಾರುಗಳ ಲೆಕ್ಕಪುಸ್ತಕದಲ್ಲಿ ಉಳಿಯುತ್ತದೆ. ಈ ಕಾರಣದಿಂದಲೇ ಯುರೋಪಿಯನ್ ಒಕ್ಕೂಟವು 2019ರಿಂದ ತಾಮ್ರಯುಕ್ತ ಸಸ್ಯಸಂರಕ್ಷಣಾ ವಸ್ತುಗಳ ಬಳಕೆಯನ್ನು ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿಲೋ ತಾಮ್ರಕ್ಕೆ ಸೀಮಿತಗೊಳಿಸಿದೆ. ಮೇಲಿನ ಕಲ್ಪಿತ ತೋಟದ ಬಳಕೆಯನ್ನು ಇದೇ ಅಳತೆಗೆ ಪರಿವರ್ತಿಸಿದರೆ 7 ವರ್ಷಗಳಲ್ಲಿ ಹೆಕ್ಟೇರಿಗೆ ಸುಮಾರು 43 ಕಿಲೋ ಆಗುತ್ತದೆ.

ಮೂರನೆಯದಾಗಿ, ಪರಿಹಾರ ಕ್ರಮವನ್ನು ಆಯ್ಕೆ ಮಾಡಲು ಈ ಲೆಕ್ಕ ನೆರವಾಗುತ್ತದೆ. ಮಣ್ಣಿಗೆ ಸುಣ್ಣ ಕೊಟ್ಟು ಗುಣಾಂಕವನ್ನು 600ರಿಂದ 3000ಕ್ಕೆ ಏರಿಸಿದರೆ ಕರಗಿದ ತಾಮ್ರ 80 ಗ್ರಾಂನಿಂದ 16 ಗ್ರಾಂಗೆ ಇಳಿಯುತ್ತದೆ. ಆದರೆ ಕಣಗಳೊಂದಿಗೆ ಹೋಗುವ 120 ಗ್ರಾಂ ಹಾಗೆಯೇ ಉಳಿಯುತ್ತದೆ. ಬದುವಿನ ಹುಲ್ಲು, ಬಸಿಗಾಲುವೆಯ ಕೊನೆಯ ಹೂಳುಗುಂಡಿ ಮತ್ತು ನೆಲದ ಹೊದಿಕೆಯಿಂದ ಸವಕಳಿಯನ್ನು ಅರ್ಧಕ್ಕಿಳಿಸಿದರೆ ಅದೂ 60 ಗ್ರಾಂಗೆ ಇಳಿಯುತ್ತದೆ. ಮೀನು ಹಾಗೂ ಇತರೆ ಜಲಚರಗಳಿಗೆ ತಕ್ಷಣದ ತೊಂದರೆ ಕರಗಿದ ತಾಮ್ರದಿಂದ. ಕೆರೆಯ ಹೂಳಿನಲ್ಲಿ ದೀರ್ಘಕಾಲ ಸಂಗ್ರಹವಾಗುವುದು ಕಣಗಳ ತಾಮ್ರ. ಆದ್ದರಿಂದ ಎರಡೂ ಕ್ರಮಗಳು ಅವಶ್ಯ. ಒಂದು ಮತ್ತೊಂದಕ್ಕೆ ಬದಲಿಯಲ್ಲ.

ಕಣಗಳ ದಾರಿ ಎಷ್ಟು ಪ್ರಬಲವೆಂಬುದನ್ನು ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ನಾಡು ಕಂಡಿದೆ. ಅಲ್ಲಿನ ಕಬ್ಬಿಣದ ಅದಿರು ಗಣಿಯಿಂದ ಭದ್ರಾ ನದಿಗೆ ಮಳೆಗಾಲದಲ್ಲಿ ಸೇರುತ್ತಿದ್ದ ಹೂಳು ತೀವ್ರ ಕಳವಳಕ್ಕೆ ಕಾರಣವಾಗಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ತೋಟದ ಸವಕಳಿ ಗಣಿಯಷ್ಟು ದೊಡ್ಡದಲ್ಲವಾದರೂ ಮಣ್ಣಿನೊಂದಿಗೆ ಲೋಹ ಸಾಗುವ ರೀತಿ ಒಂದೇ.

ಎರಡು ವರದಿಗಳು, ಎರಡೂ ಸತ್ಯ

ನೀರಿನ ವರದಿಗಳ ಬಗ್ಗೆ ಗ್ರಾಮಗಳಲ್ಲಿ ಉಂಟಾಗುವ ಭಿನ್ನಾಭಿಪ್ರಾಯಗಳ ಮೂಲ ಅನೇಕ ವೇಳೆ ಮಾದರಿ ನೀರನ್ನು ಸಂಗ್ರಹಿಸಿದ ಸ್ಥಳದಲ್ಲಿರುತ್ತದೆ. 500 ಎಕರೆ ಜಲಾನಯನವಿರುವ ಒಂದು ಕೆರೆಯ ಮೇಲ್ಭಾಗದಲ್ಲಿ 50 ಎಕರೆ ಹಳೆಯ ತೋಟವಿದೆ ಎಂದು ಭಾವಿಸಬಹುದು. ತೋಟದ ಬಸಿಗಾಲುವೆಯ ಬಾಯಲ್ಲಿ ಸಂಗ್ರಹಿಸಿದ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ತಾಮ್ರ ಕಂಡುಬರುತ್ತದೆ. ಅದೇ ನೀರು ಉಳಿದ 450 ಎಕರೆಯ ನೀರಿನೊಂದಿಗೆ ಬೆರೆತು ಕೆರೆ ತುಂಬಿದಾಗ ತೂಬಿನ ಬಳಿ ಅದು 0.01 ಮಿಲಿಗ್ರಾಂಗೆ ಇಳಿಯಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಮೊದಲ ವರದಿ ಇದರ ಎರಡರಷ್ಟಿದೆ, ಎರಡನೆಯದು ಐದನೆಯ ಒಂದು ಭಾಗ ಮಾತ್ರ. ಕೆಳಗಿನ ಮನೆಯವರು ಮೊದಲ ವರದಿಯನ್ನೂ ಮೇಲಿನ ತೋಟದವರು ಎರಡನೆಯ ವರದಿಯನ್ನೂ ಹಿಡಿದು ವಾದಿಸಿದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಬಳಿಯೂ ಪೂರ್ಣ ಲೆಕ್ಕವಿಲ್ಲ ಅಷ್ಟೆ. ಎರಡೂ ವರದಿಗಳನ್ನು ಒಂದೇ ಲೆಕ್ಕದಲ್ಲಿ ಸೇರಿಸುವುದೇ ಗಣಿತ ಮಾದರಿಯ ಕೆಲಸ.

ಸ್ಥಳದಂತೆಯೇ ದಿನವೂ ಮುಖ್ಯ. ಸಿಂಪಡಣೆಯ ನಂತರದ ಮೊದಲ ಬಿರುಮಳೆಯ ನೀರಿಗೂ ಸುಗ್ಗಿಯ ಕಾಲದ ತಿಳಿನೀರಿಗೂ ಹೋಲಿಕೆಯಿರುವುದಿಲ್ಲ. ಕೇವಲ ಬೇಸಿಗೆಯಲ್ಲಿ ಪರೀಕ್ಷಿಸಿದ ಕೆರೆಗೆ ಮಳೆಗಾಲದ ಪ್ರಮಾಣಪತ್ರ ನೀಡಲಾಗದು.

ಉಲ್ಲೇಖಕ್ಕಾಗಿ ಮಿತಿಗಳು

ಭಾರತೀಯ ಮಾನಕ 10500, 2012ರ ಪ್ರಕಾರ ಕುಡಿಯುವ ನೀರಿನಲ್ಲಿ ಕೆಲವು ಲೋಹಗಳ ಮಿತಿ (ಪ್ರತಿ ಲೀಟರಿಗೆ ಮಿಲಿಗ್ರಾಂ) ಈ ಕೆಳಕಂಡಂತಿದೆ:

ತಾಮ್ರ: ಸ್ವೀಕಾರಾರ್ಹ 0.05, ಬದಲಿ ಮೂಲವಿಲ್ಲದಿದ್ದಲ್ಲಿ 1.5
ಮ್ಯಾಂಗನೀಸ್: ಸ್ವೀಕಾರಾರ್ಹ 0.1, ಬದಲಿ ಮೂಲವಿಲ್ಲದಿದ್ದಲ್ಲಿ 0.3
ಸತು: ಸ್ವೀಕಾರಾರ್ಹ 5, ಬದಲಿ ಮೂಲವಿಲ್ಲದಿದ್ದಲ್ಲಿ 15
ಕಬ್ಬಿಣ: 1.0 (2015ರ ತಿದ್ದುಪಡಿಯಂತೆ), ಸಡಿಲಿಕೆ ಇಲ್ಲ
ಸೀಸ: 0.01, ಸಡಿಲಿಕೆ ಇಲ್ಲ
ಕ್ಯಾಡ್ಮಿಯಂ: 0.003, ಸಡಿಲಿಕೆ ಇಲ್ಲ

ಇವು ಮನುಷ್ಯರು ಕುಡಿಯುವ ನೀರಿಗೆ ಅನ್ವಯಿಸುವ ಮಿತಿಗಳೆಂಬುದನ್ನು ಗಮನಿಸತಕ್ಕದ್ದು. ಮೀನು, ಪಾಚಿ ಹಾಗೂ ಸಣ್ಣ ಜಲಚರಗಳು ತಾಮ್ರಕ್ಕೆ ಮನುಷ್ಯರಿಗಿಂತ ಹೆಚ್ಚು ಸೂಕ್ಷ್ಮ. ಗಡಸುತನ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ಪರಿಣಾಮ ಇನ್ನೂ ಹೆಚ್ಚು. ಕುಡಿಯಲು ಯೋಗ್ಯವೆಂದು ವರದಿಯಾದ ನೀರು ಮೀನು ಸಾಕಣೆಗೂ ಯೋಗ್ಯವೆಂದು ಭಾವಿಸುವುದು ಸರಿಯಲ್ಲ.

ಮಣ್ಣು ಆರೋಗ್ಯ ಚೀಟಿಯನ್ನು ಓದುವ ಬಗೆ

2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ 12 ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ಅವುಗಳಲ್ಲಿ ರಸಸಾರ, ಸಾವಯವ ಇಂಗಾಲ, ಸತು, ಕಬ್ಬಿಣ, ತಾಮ್ರ ಮತ್ತು ಮ್ಯಾಂಗನೀಸ್ ಸೇರಿವೆ. ಆದರೆ ಚೀಟಿಯಲ್ಲಿನ ತಾಮ್ರದ ಅಂಕಿ ಮಣ್ಣಿನ ಒಟ್ಟು ತಾಮ್ರವಲ್ಲ. ಬೆಳೆಗೆ ದೊರೆಯಬಲ್ಲ ಭಾಗವನ್ನು ಡಿಟಿಪಿಎ ಎಂಬ ದ್ರಾವಣದಿಂದ ಬೇರ್ಪಡಿಸಿ ಅಳೆದ ಅಂಕಿ ಅದು. ಈ ಪರೀಕ್ಷೆಯನ್ನು ರೂಪಿಸಿರುವುದು ಕೊರತೆಯನ್ನು ಪತ್ತೆಹಚ್ಚಲು. ಪ್ರತಿ ಕಿಲೋಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದಲ್ಲಿ ತಾಮ್ರದ ಕೊರತೆಯೆಂದು ಪರಿಗಣಿಸಲಾಗುತ್ತದೆ. ಚೀಟಿಯಲ್ಲಿ "ಸಾಕಷ್ಟಿದೆ" ಎಂದು ನಮೂದಾಗಿದ್ದಲ್ಲಿ ಕೊರತೆಯಿಲ್ಲ ಎಂದಷ್ಟೇ ಅರ್ಥ. ಅತಿಯಾಗಿಲ್ಲ ಎಂಬ ಭರವಸೆ ಅದರಲ್ಲಿಲ್ಲ. ಹಲವು ದಶಕಗಳಿಂದ ಸಿಂಪಡಣೆಯಾದ ತೋಟಗಳ ಮಾಲೀಕರು ಒಟ್ಟು ತಾಮ್ರದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೋರುವುದು ಸೂಕ್ತ.

ಅದೇ ಚೀಟಿಯಲ್ಲಿರುವ ರಸಸಾರ ಮತ್ತು ಸಾವಯವ ಇಂಗಾಲದ ಅಂಕಿಗಳು ಮಣ್ಣಿನ ಹಿಡಿತವನ್ನು ಅಂದಾಜಿಸಲು ಬೇಕಾದ ಅಂಕಿಗಳೇ ಆಗಿವೆ. ಆದ್ದರಿಂದ ನೀರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವಾಗ ಹಳೆಯ ಚೀಟಿಯ ಪ್ರತಿಯನ್ನು ಲಗತ್ತಿಸಲು ಕೋರಲಾಗಿದೆ.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. ಮಣ್ಣಿನ ಮಾದರಿಯನ್ನು ಒಂದೇ ಸ್ಥಳದಿಂದ ತೆಗೆಯದೆ 8ರಿಂದ 10 ಸ್ಥಳಗಳಿಂದ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೋಡಿ ಸಂಗ್ರಹಿಸತಕ್ಕದ್ದು. ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಪ್ರತ್ಯೇಕವಾಗಿಯೂ ಅದರ ಕೆಳಗಿನ ಪದರವನ್ನು ಪ್ರತ್ಯೇಕವಾಗಿಯೂ ಇಡತಕ್ಕದ್ದು. ಸಂಗ್ರಹಿಸಿದ ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತಾ ಅರ್ಧ ಕಿಲೋ ಉಳಿಸಿಕೊಳ್ಳುವುದು.
2. ಲೋಹಾಂಶದ ಪರೀಕ್ಷೆಗೆ ಮಣ್ಣು ತೆಗೆಯುವಾಗ ತುಕ್ಕು ಹಿಡಿದ ಗುದ್ದಲಿ, ಹಿತ್ತಾಳೆ ಅಥವಾ ಸತುವಿನ ಲೇಪವಿರುವ ಪಾತ್ರೆಗಳನ್ನು ಬಳಸಬಾರದು. ಮರದ ಕಡ್ಡಿ ಹಾಗೂ ಪ್ಲಾಸ್ಟಿಕ್ ಬುಟ್ಟಿ ಸೂಕ್ತ.
3. ಬದು, ಗೊಬ್ಬರದ ಗುಂಡಿ ಹಾಗೂ ಬೋರ್ಡೋ ದ್ರಾವಣ ತಯಾರಿಸುವ ಸ್ಥಳದ ಮಣ್ಣನ್ನು ತೋಟದ ಮಾದರಿಗೆ ಬೆರೆಸಬಾರದು.
4. ನೀರಿನ ಮಾದರಿಯನ್ನು ಬಸಿಗಾಲುವೆಯ ಬಾಯಿ, ಕೆರೆಗೆ ನೀರು ಸೇರುವ ಸ್ಥಳ ಹಾಗೂ ತೂಬು, ಈ ಮೂರು ಕಡೆಗಳಲ್ಲಿ ಸಂಗ್ರಹಿಸಿದಲ್ಲಿ ಲೆಕ್ಕ ಪೂರ್ಣವಾಗುತ್ತದೆ. ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯುವುದು ಒಳಿತು. ಸೋಸಿದ ನೀರು ಹಾಗೂ ಸೋಸದ ನೀರನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ಕೋರತಕ್ಕದ್ದು. ಇವೆರಡರ ವ್ಯತ್ಯಾಸವೇ ಕಣಗಳಿಗೆ ಅಂಟಿದ ಲೋಹ.
5. ಅರ್ಜಿಯೊಂದಿಗೆ ಮಾದರಿ ತೆಗೆದ ದಿನಾಂಕ, ಹಿಂದಿನ ಮಳೆಯ ದಿನ, ಕೊನೆಯ ಸಿಂಪಡಣೆಯ ದಿನ, ಬಳಸಿದ ಮೈಲುತುತ್ತದ ಪ್ರಮಾಣ ಮತ್ತು ತೋಟದ ವಯಸ್ಸನ್ನು ನಮೂದಿಸತಕ್ಕದ್ದು. ಈ ಐದು ವಿವರಗಳಿಲ್ಲದ ವರದಿಯಿಂದ ಮುಂದಿನ ವರ್ಷದ ಅಂದಾಜು ಮಾಡಲು ಸಾಧ್ಯವಾಗುವುದಿಲ್ಲ.

ಮಣ್ಣಿನ ಪರೀಕ್ಷೆಯ ಬಗ್ಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನೂ, ಕುಡಿಯುವ ನೀರಿನ ಬಗ್ಗೆ ಗ್ರಾಮ ಪಂಚಾಯಿತಿ ಹಾಗೂ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯನ್ನೂ ಸಂಪರ್ಕಿಸಬಹುದಾಗಿದೆ. ಬೆಳೆ ಹಾಗೂ ಸಿಂಪಡಣೆಯ ತಾಂತ್ರಿಕ ಸಲಹೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರಿಂದ ದೊರೆಯುತ್ತದೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗದ್ದೆಯ ಕಾಲುವೆಯಲ್ಲಿ ಎಣ್ಣೆಯಂತಹ ಹೊಳೆಯುವ ಪೊರೆ ಹಾಗೂ ಕೆಂಪು ಕೆಸರು ಕಾಣುತ್ತಿದೆ. ಇದು ವಿಷವೇ?
ಉತ್ತರ: ಪೊರೆಯನ್ನು ಒಂದು ಕಡ್ಡಿಯಿಂದ ಕದಡಿ ನೋಡಬಹುದು. ಚೂರುಚೂರಾಗಿ ಒಡೆದು ಹಾಗೆಯೇ ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಅಂಶ ಹಾಗೂ ಕಬ್ಬಿಣದ ಬ್ಯಾಕ್ಟೀರಿಯಾಗಳಿಂದ ಆದ ಪೊರೆ. ಮತ್ತೆ ಕೂಡಿಕೊಂಡರೆ ಎಣ್ಣೆಯ ಸಾಧ್ಯತೆ ಇದೆ. ಕಬ್ಬಿಣದ ಪೊರೆ ಜೌಗು ನೆಲದಲ್ಲಿ ಸಹಜ. ಆದರೆ ಅಂತಹ ನೀರನ್ನು ಪರೀಕ್ಷಿಸದೆ ಕುಡಿಯಲು ಬಳಸಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕಬಹುದೇ?
ಉತ್ತರ: ಹೂಳು ಫಲವತ್ತಾದ ಮಣ್ಣು, ಬಹುತೇಕ ಸಂದರ್ಭಗಳಲ್ಲಿ ಹಾಕಬಹುದು. ಆದರೆ ಮೇಲ್ಭಾಗದಲ್ಲಿ ಹಳೆಯ ಅಡಿಕೆ ತೋಟಗಳಿರುವ ಕೆರೆಯಲ್ಲಿ ತಾಮ್ರವು ಹೂಳಿನಲ್ಲಿ ಸಂಗ್ರಹವಾಗಿರುವ ಸಾಧ್ಯತೆ ಇರುತ್ತದೆ. ನೀರಿನಡಿಯಲ್ಲಿ ಗಂಧಕದೊಂದಿಗೆ ಬಂಧಿತವಾಗಿದ್ದ ಲೋಹ, ಹೂಳು ಒಣಗಿ ಗಾಳಿಯ ಸಂಪರ್ಕ ಪಡೆದಾಗ ಬಿಡುಗಡೆಯಾಗಬಲ್ಲುದು. ಹರಡುವ ಮುನ್ನ ಪರೀಕ್ಷೆ ಮಾಡಿಸುವುದು ಹಾಗೂ ಈಗಾಗಲೇ ತಾಮ್ರ ಹೆಚ್ಚಿರುವ ತೋಟಕ್ಕೆ ಮತ್ತೆ ಅದನ್ನೇ ಹಾಕದಿರುವುದು ಸೂಕ್ತ.

ಪ್ರಶ್ನೆ: ನೀರಿನಲ್ಲಿ ಸೀಸ ಕಂಡುಬಂದಿದೆ. ಇದೂ ತೋಟದ ಮಣ್ಣಿನದೇ?
ಉತ್ತರ: ಎಲ್ಲ ಲೋಹಗಳೂ ಮಣ್ಣಿನಿಂದ ಬರುವುದಿಲ್ಲ. ಕೆರೆಯಲ್ಲಿ ವಿಸರ್ಜಿಸಿದ ವಿಗ್ರಹಗಳ ರಾಸಾಯನಿಕ ಬಣ್ಣ, ಹಳೆಯ ಬ್ಯಾಟರಿಗಳು ಹಾಗೂ ಕೊಳವೆಗಳ ಜೋಡಣೆಯೂ ಮೂಲವಾಗಿರಬಹುದು. ಮೂಲಗಳ ಪಟ್ಟಿಯನ್ನು ಪೂರ್ಣಗೊಳಿಸದ ಲೆಕ್ಕವು ನಿರಪರಾಧಿಯ ಖಾತೆಗೆ ಖರ್ಚು ಬರೆದಂತೆ.

ಪ್ರಶ್ನೆ: ಸಿಂಪಡಣೆ ನಿಲ್ಲಿಸದೆ ಕೆರೆಯನ್ನು ಕಾಪಾಡಲು ಸಾಧ್ಯವೇ?
ಉತ್ತರ: ಬಹುಮಟ್ಟಿಗೆ ಸಾಧ್ಯ. ಮಳೆ ಸುರಿಯುವ ಸೂಚನೆಯಿರುವ ದಿನ ಸಿಂಪಡಿಸದಿರುವುದು, ದ್ರಾವಣವನ್ನು ಶಿಫಾರಸಿನ ಪ್ರಮಾಣದಲ್ಲಿ ಮಾತ್ರ ಬಳಸುವುದು, ಗೊನೆಗೆ ಗುರಿಯಿಟ್ಟು ಸಿಂಪಡಿಸುವುದು, ಉಳಿದ ದ್ರಾವಣ ಹಾಗೂ ಡ್ರಮ್ ತೊಳೆದ ನೀರನ್ನು ಕಾಲುವೆಗೆ ಸುರಿಯದಿರುವುದು, ಪರೀಕ್ಷೆಯ ಆಧಾರದ ಮೇಲೆ ಮಣ್ಣಿಗೆ ಸುಣ್ಣ ಕೊಡುವುದು ಮತ್ತು ಸವಕಳಿ ತಡೆಯುವುದು ಇದಕ್ಕೆ ಮುಖ್ಯ ಕ್ರಮಗಳು.

ಪ್ರಶ್ನೆ: ಗಣಿತ ಮಾದರಿಯ ಫಲಿತಾಂಶವನ್ನು ನೆರೆಯವರ ವಿರುದ್ಧ ಸಾಕ್ಷ್ಯವಾಗಿ ಬಳಸಬಹುದೇ?
ಉತ್ತರ: ಮಾದರಿಯು ಅಂದಾಜು ನೀಡುತ್ತದೆ, ತೀರ್ಪು ನೀಡುವುದಿಲ್ಲ. ಅದರ ಫಲಿತಾಂಶವನ್ನು ಬೇರೊಂದು ವರ್ಷದ ನೈಜ ಅಳತೆಯೊಂದಿಗೆ ತಾಳೆ ನೋಡಿದ ನಂತರವೇ ನಂಬಬೇಕು. ತಾಳೆಯಾಗದ ಲೆಕ್ಕದಲ್ಲಿ ಯಾವುದೋ ಜಮೆ ಅಥವಾ ಖರ್ಚು ಬಿಟ್ಟುಹೋಗಿದೆ ಎಂದೇ ತಿಳಿಯತಕ್ಕದ್ದು.

ಕೊನೆಯದಾಗಿ

ಕೆರೆಯ ನೀರಿನಲ್ಲಿ ಇಂದು ಕಾಣುವ ಲೋಹವು ಹಿಂದಿನ ಹಲವು ವರ್ಷಗಳ ಲೆಕ್ಕದ ಒಂದು ಸಾಲು ಮಾತ್ರ. ಮುಂದಿನ ಸಾಲುಗಳನ್ನು ಬದಲಿಸಲು ಇಂದಿನ ಅಂಕಿಗಳು ಸರಿಯಾಗಿ ದಾಖಲಾಗಬೇಕು. ಜಲಾನಯನದ ಮೇಲ್ಭಾಗದ ತೋಟದವರು ಹಾಗೂ ಕೆಳಭಾಗದ ಅಚ್ಚುಕಟ್ಟಿನವರು ಒಟ್ಟಾಗಿ ಒಂದೇ ಮಳೆಗಾಲದಲ್ಲಿ ಮಣ್ಣು ಮತ್ತು ನೀರಿನ ಮಾದರಿಗಳನ್ನು ಪರೀಕ್ಷೆಗೆ ಸಲ್ಲಿಸಿದಲ್ಲಿ ಇಬ್ಬರಿಗೂ ಅನ್ವಯವಾಗುವ ಒಂದೇ ಲೆಕ್ಕ ದೊರೆಯುತ್ತದೆ. ಸಾರ್ವಜನಿಕರು ಈ ಅಂಶಗಳನ್ನು ಗಮನದಲ್ಲಿಟ್ಟುಕೊಂಡು ಅರ್ಜಿ ಸಲ್ಲಿಸಲು ಹಾಗೂ ಪಡೆದ ವರದಿಗಳನ್ನು ಮುಂದಿನ ವರ್ಷಗಳ ಹೋಲಿಕೆಗಾಗಿ ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.